ನೆರಳಿಲ್ಲದ ಮಧ್ಯಾಹ್ನ, ಮೇಲಕ್ಕೆ ಹರಿಯುವ ಜಲಪಾತ: ಮುಂಬಯಿ, ಪುಣೆ, ಗೋವೆಯ ಸೋಜಿಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ, ಊರಿಂದ ಬಂದ ನೆಂಟರನ್ನು ಸುತ್ತಾಡಿಸುವ ಭಾನುವಾರಕ್ಕೆ, ಇಲ್ಲವೇ ವಾಟ್ಸಾಪ್‌ನಲ್ಲಿ ಬಂದದ್ದು ನಿಜವೋ ಬುರುಡೆಯೋ ಎಂದು ತಿಳಿಯುವುದಕ್ಕೆ ಇಲ್ಲಿನ ಕನ್ನಡ ಮನೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳಿವು. ಮನೆಯಲ್ಲೇ ಪರೀಕ್ಷೆ ಮಾಡಬಹುದಾದವಕ್ಕೆ ಅಳತೆ ಸಮೇತ ವಿಧಾನ ಕೊಟ್ಟಿದೆ. ಹೋಗಿ ನೋಡಬೇಕಾದವಕ್ಕೆ ಅಲ್ಲಿ ಏನನ್ನು ಹುಡುಕಬೇಕು ಎಂದು ಹೇಳಿದೆ.

ವರ್ಷಕ್ಕೆ ಎರಡು ದಿನ ಮುಂಬಯಿಯಲ್ಲಿ ನೆರಳೇ ಬೀಳುವುದಿಲ್ಲವಂತೆ, ನಿಜವೇ?

ನಿಜ. ಆದರೆ ದಿನವಿಡೀ ಅಲ್ಲ, ಮಧ್ಯಾಹ್ನದ ಕೆಲವೇ ನಿಮಿಷ. ಸೂರ್ಯ ನಮ್ಮ ಅಕ್ಷಾಂಶದ ಮೇಲೆ ಹಾದು ಉತ್ತರಕ್ಕೆ ಹೋಗುವಾಗ ಒಮ್ಮೆ, ಮರಳಿ ಬರುವಾಗ ಇನ್ನೊಮ್ಮೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ಮುಂಬಯಿಗೆ ಆ ದಿನಗಳು ಮೇ 15–16 ಮತ್ತು ಜುಲೈ 28ರ ಸುಮಾರಿಗೆ. ಕೊಲಾಬಾದವರಿಗೂ ಬೋರಿವಲಿ, ದಹಿಸರ್‌ನವರಿಗೂ ಒಂದೆರಡು ದಿನದ ವ್ಯತ್ಯಾಸವಿದೆ. ಪುಣೆಗೆ ಮೇ 13–14 ಮತ್ತು ಜುಲೈ 29–30, ಪಣಜಿಗೆ ಮೇ 2–3 ಮತ್ತು ಆಗಸ್ಟ್ 10ರ ಆಸುಪಾಸು. ಧಾರವಾಡವೂ ಪಣಜಿಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ಎರಡಕ್ಕೂ ಒಂದೇ ದಿನ. ಜುಲೈ, ಆಗಸ್ಟ್‌ನ ಸರದಿ ಮಳೆಮೋಡಕ್ಕೆ ಬಲಿಯಾಗುವುದೇ ಹೆಚ್ಚು. ಹಾಗಾಗಿ ಮೇ ತಿಂಗಳದ್ದನ್ನೇ ನಂಬಿಕೊಳ್ಳಿ.

ಸಮಯ ಮುಖ್ಯ. ಮೇ ತಿಂಗಳಲ್ಲಿ ಮುಂಬಯಿಗೆ 12:35, ಪುಣೆ ಮತ್ತು ಪಣಜಿಗೆ 12:31. ಜುಲೈ ಕೊನೆಯಲ್ಲಿ ಮುಂಬಯಿಗೆ 12:45, ಪುಣೆಗೆ 12:41. ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತಾನೆ. 30 ಸೆಂ.ಮೀ. ಎತ್ತರದ ವಸ್ತುವಿಗೆ ಅಷ್ಟರಲ್ಲೇ 5 ಮಿ.ಮೀ. ನೆರಳು ಹುಟ್ಟಿಬಿಡುತ್ತದೆ. 12:25ಕ್ಕೇ ಟೆರೇಸ್ ಹತ್ತಿ ಕಾಯಿರಿ.

ನಾವು ಮಾಡಿ ನೋಡಿದೆವು, ಸಣ್ಣ ನೆರಳು ಉಳಿದೇ ಇತ್ತು. ತಪ್ಪಾದದ್ದು ಎಲ್ಲಿ?

ಹತ್ತರಲ್ಲಿ ಎಂಟು ಸಲ ತಪ್ಪು ಟೆರೇಸಿನದು. ಮಳೆನೀರು ಹರಿದುಹೋಗಲಿ ಎಂದು ಸೊಸೈಟಿಯ ಟೆರೇಸಿಗೆ ಗಾರೆಯವರು ವಾಟ ಕೊಟ್ಟಿರುತ್ತಾರೆ. ಮೀಟರಿಗೆ 1 ಸೆಂ.ಮೀ. ಇಳಿಜಾರಿದ್ದರೂ ಅರ್ಧ ಡಿಗ್ರಿಗಿಂತ ಹೆಚ್ಚು ವಾಲುತ್ತದೆ. ಒಂದು ಹಲಗೆ ಇಟ್ಟು, ಅಡಿಗೆ ಮಡಚಿದ ಕಾಗದ ತುರುಕಿ, ರಸಮಟ್ಟದಿಂದ ಎರಡು ದಿಕ್ಕಿನಲ್ಲೂ ಮಟ್ಟ ಮಾಡಿ. ರಸಮಟ್ಟ ಇಲ್ಲದಿದ್ದರೆ ಅಗಲವಾದ ತಟ್ಟೆಯಲ್ಲಿ ಅಂಚಿನ ತನಕ ನೀರು ತುಂಬಿ, ಯಾವ ಕಡೆ ಚೆಲ್ಲುತ್ತದೆ ನೋಡಿ.

ಇನ್ನೊಂದು ತಪ್ಪು ವಸ್ತುವಿನ ಆಯ್ಕೆ. ನೀರಿನ ಬಾಟಲಿಗೆ ಹೊಟ್ಟೆಯೂ ಸೊಂಟವೂ ಇರುತ್ತವೆ, ಅದು ತನ್ನ ಮೇಲೆಯೇ ನೆರಳು ಬೀಳಿಸಿಕೊಂಡು ಗೊಂದಲ ಮಾಡುತ್ತದೆ. 30 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ತುಂಡು ಎಲ್ಲಕ್ಕಿಂತ ಒಳ್ಳೆಯದು. ಅದರ ಎರಡೂ ಬಾಯಿ ನೇರವಾಗಿ ಕತ್ತರಿಸಿರಬೇಕು. ಸಮಯ ಬಂದಾಗ ಹೊರಗೆ ನೆರಳು ಮಾಯವಾಗುತ್ತದೆ, ಒಳಗೆ ತಳದಲ್ಲಿ ಪೂರ್ತಿ ಬೆಳಕಿನ ಬಿಲ್ಲೆ ಮೂಡುತ್ತದೆ. ಮಕ್ಕಳಿಗೆ ಹಿಡಿಸುವುದು ಈ ಎರಡನೆಯದೇ. ಆದರೆ ಪೈಪಿನೊಳಗಿಂದ ಸೂರ್ಯನನ್ನು ನೋಡಲು ಬಿಡಬೇಡಿ.

ಒಂದು ದಿನ ಹಿಂದು ಮುಂದಾದರೆ ಪರವಾಗಿಲ್ಲ. ಮೇ ಮಧ್ಯದಲ್ಲಿ ಸೂರ್ಯ ದಿನಕ್ಕೆ ಕಾಲು ಡಿಗ್ರಿಯಷ್ಟೇ ಉತ್ತರಕ್ಕೆ ಸರಿಯುವುದು. ಆ ವ್ಯತ್ಯಾಸ ಕಣ್ಣಿಗೆ ಕಾಣದು.

ಅದೇ ದಿನ ಊರಲ್ಲಿರುವ ಅಜ್ಜನನ್ನೂ ಸೇರಿಸಿಕೊಂಡು ಭೂಮಿಯ ಸುತ್ತಳತೆ ತೆಗೆಯಬಹುದು ಎನ್ನುತ್ತಾರೆ. ಹೇಗೆ?

ಮುಂಬಯಿಯಲ್ಲಿ ನೆರಳಿಲ್ಲದ ದಿನ ಉಡುಪಿಯಲ್ಲಿ ನೆರಳಿರುತ್ತದೆ, ಅದೂ ದಕ್ಷಿಣಕ್ಕೆ ಬಿದ್ದಿರುತ್ತದೆ. ಅಜ್ಜ ಅಂಗಳದಲ್ಲಿ 1 ಮೀಟರ್ ಕೋಲನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ ತೂಗುಗುಂಡಿನ ನೇರಕ್ಕೆ ಸರಿಹೊಂದಿಸಿ ನೆಟ್ಟಗೆ ನಿಲ್ಲಿಸಲಿ. ಉಡುಪಿಯ ನಡುಮಧ್ಯಾಹ್ನ ಮೇ 15–16ಕ್ಕೆ 12:27ರ ಹೊತ್ತಿಗೆ ಬರುತ್ತದೆ. 12:20ರಿಂದ ಎರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ, ಅತಿ ಗಿಡ್ಡದ್ದನ್ನು ಅಳೆದರೆ ಸುಮಾರು 10 ಸೆಂ.ಮೀ. ಬರುತ್ತದೆ. 10ನ್ನು 100ರಿಂದ ಭಾಗಿಸಿ, ಫೋನಿನ ಕ್ಯಾಲ್ಕುಲೇಟರಿನಲ್ಲಿ ವಿಲೋಮ ಟ್ಯಾನ್ ಒತ್ತಿದರೆ 5.7 ಡಿಗ್ರಿ. ಎರಡು ಊರುಗಳ ನಡುವೆ ಭೂಮಿ ಬಾಗಿರುವುದು ಇಷ್ಟೇ.

ಈಗ ದೂರ. ರಸ್ತೆಯ ದೂರವನ್ನೂ ಕೊಂಕಣ ರೈಲಿನ ದೂರವನ್ನೂ ಹಾಕಬೇಡಿ, ಲೆಕ್ಕ ಕೆಡುವುದೇ ಅಲ್ಲಿ. ಎರಡು ಊರುಗಳ ನಡುವೆ ಶುದ್ಧ ಉತ್ತರ–ದಕ್ಷಿಣ ಅಂತರ ಬೇಕು, ಅದು ಸುಮಾರು 630 ಕಿ.ಮೀ. ಅದನ್ನು 360ರಿಂದ ಗುಣಿಸಿ 5.7ರಿಂದ ಭಾಗಿಸಿ: 39,800 ಕಿ.ಮೀ. ಆಗುತ್ತದೆ. ನಿಜವಾದದ್ದು 40,000ಕ್ಕೆ ಹತ್ತಿರ. ಒಂದು ಎಚ್ಚರ: ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿಯ ಬಿಲ್ಲೆ. ಆದ್ದರಿಂದ 1 ಮೀಟರ್ ಕೋಲಿನ ನೆರಳಿನ ತುದಿ ಸುಮಾರು 9 ಮಿ.ಮೀ. ಮಸುಕಾಗಿರುತ್ತದೆ. ಆ ಮಸುಕಿನ ಮಧ್ಯಕ್ಕೆ ಗುರುತು ಹಾಕಿ. 1 ಮಿ.ಮೀ. ತಪ್ಪಿದರೆ ಉತ್ತರದಲ್ಲಿ 400 ಕಿ.ಮೀ. ತಪ್ಪುತ್ತದೆ.

ದಿಲ್ಲಿಯಲ್ಲಿರುವ ಮಗನೂ ಇದನ್ನು ನೋಡಬಹುದೇ?

ಆಗದು. ಸೂರ್ಯ 23.4 ಡಿಗ್ರಿಗಿಂತ ಉತ್ತರಕ್ಕೆ ಹೋಗುವುದೇ ಇಲ್ಲ. ದಿಲ್ಲಿ 28 ದಾಟಿದೆ.

ನಡುಮಧ್ಯಾಹ್ನ 12ಕ್ಕೆ ಬರದೆ 12:39ಕ್ಕೆ ಏಕೆ? ‘ಬಾಂಬೆ ಟೈಮ್’ ಎಂದರೆ ಇದೇನಾ?

ಇದೇ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮುಂಬಯಿ ಇರುವುದು 72.8ರಲ್ಲಿ. ವ್ಯತ್ಯಾಸ 9.7 ಡಿಗ್ರಿ, ಡಿಗ್ರಿಗೆ 4 ನಿಮಿಷ, ಅಲ್ಲಿಗೆ 39 ನಿಮಿಷ. ಇದು ಸರಾಸರಿ. ನವೆಂಬರ್ ಆರಂಭದಲ್ಲಿ 16 ನಿಮಿಷ ಬೇಗ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ತಡವಾಗುತ್ತದೆ.

1906ರ ಜನವರಿ 1ರಿಂದ ದೇಶಕ್ಕೆ ಒಂದೇ ಸಮಯ ಬಂದರೂ ಮುಂಬಯಿ ತನ್ನ 39 ನಿಮಿಷವನ್ನು ಬಿಟ್ಟುಕೊಡಲಿಲ್ಲ. ‘ಬಾಂಬೆ ಟೈಮ್’ ಪೂರ್ತಿ ಹೋದದ್ದು 1955ರಲ್ಲಿ. ಅಂದರೆ ಸುಮಾರು ಅರ್ಧ ಶತಮಾನ ಈ ನಗರದಲ್ಲಿ ‘ಎಷ್ಟು ಗಂಟೆಗೆ ಬರಲಿ?’ ಎಂದರೆ ‘ಯಾವ ಗಂಟೆ?’ ಎಂದು ಮರುಪ್ರಶ್ನೆ ಹಾಕಬಹುದಿತ್ತು. ಅಜ್ಜನ ಕಾಲದ ಪತ್ರ, ಲಗ್ನಪತ್ರಿಕೆ, ಜಾತಕ ಓದುವವರು ಇದನ್ನು ಗಮನಿಸಲೇಬೇಕು. 1955ಕ್ಕೆ ಮೊದಲು ಮುಂಬಯಿಯಲ್ಲಿ ಹುಟ್ಟಿದವರ ಜನನ ಸಮಯ ಯಾವ ಗಡಿಯಾರದ್ದು ಎಂದು ಕೇಳದೆ ಕುಂಡಲಿ ಬರೆದರೆ ಲಗ್ನವೇ ಬದಲಾಗಬಹುದು. ಜ್ಯೋತಿಷ್ಯವನ್ನು ನಂಬುವುದು ಬಿಡುವುದು ಬೇರೆ ಮಾತು, ಗಣಿತ ಮಾತ್ರ ಸರಿಯಿರಲಿ.

ಮುಂಬಯಿಯ ಟ್ರ್ಯಾಮ್‌ನಿಂದಾಗಿ ವಿಜ್ಞಾನಿಗಳು ಅಲಿಬಾಗ್‌ಗೆ ಓಡಿಹೋದರು ಎನ್ನುವುದು ಏನು?

ಟ್ರ್ಯಾಮ್ ಬರುವ ಮೊದಲೇ ಹೋದರು, ಅದೇ ಇದರ ಸೊಗಸು. ಕೊಲಾಬಾ ವೀಕ್ಷಣಾಲಯದಲ್ಲಿ 1840ರ ದಶಕದಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. ನಗರಕ್ಕೆ ವಿದ್ಯುತ್ ಟ್ರ್ಯಾಮ್ ಬರಲಿದೆ ಎಂದು ಗೊತ್ತಾಯಿತು. ಟ್ರ್ಯಾಮಿನ ಕರೆಂಟು ಹಳಿಯಲ್ಲೂ ನೆಲದಲ್ಲೂ ಹರಿದು ಮರಳುವಾಗ ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಸೂಕ್ಷ್ಮ ಸೂಜಿಗೆ ಭೂಮಿ ಯಾವುದು, ಟ್ರ್ಯಾಮ್ ಯಾವುದು ಎಂದು ತಿಳಿಯದು. ಆಗ ನಿರ್ದೇಶಕರಾಗಿದ್ದ ಎನ್.ಎ.ಎಫ್. ಮೂಸ್ 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಆರಂಭಿಸಿದರು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ಸರಣಿಗೂ ಹೊಸ ಸರಣಿಗೂ ಗಂಟು ಹಾಕಿದ ಮೇಲೆಯೇ ಕೊಲಾಬಾದ ಅಳತೆ ನಿಲ್ಲಿಸಿದ್ದು. ವಿದ್ಯುತ್ ಟ್ರ್ಯಾಮ್ ಓಡಿದ್ದು 1907ರಲ್ಲಿ.

ಅಲಿಬಾಗ್ ಕಟ್ಟಡಕ್ಕೆ ಸ್ಥಳೀಯ ಕಪ್ಪು ಕಲ್ಲನ್ನು ಬಳಸದೆ ಪೋರಬಂದರಿನ ಕಲ್ಲು ತರಿಸಿದರು. ಕಾರಣವನ್ನು ನೀವೇ ಪರೀಕ್ಷಿಸಿ. ಚಿಕ್ಕ ಬಲವಾದ ಅಯಸ್ಕಾಂತವನ್ನು ಅರ್ಧ ಮೀಟರ್ ದಾರದಲ್ಲಿ ತೂಗುಹಾಕಿ, ಗಾಳಿಯಿಲ್ಲದ ಕಡೆ ಅದು ನಿಶ್ಚಲವಾದ ಮೇಲೆ ಸಹ್ಯಾದ್ರಿಯ ಕಪ್ಪು ಕಲ್ಲನ್ನು ನಿಧಾನ ಹತ್ತಿರ ತನ್ನಿ. ಅಯಸ್ಕಾಂತ ಕಲ್ಲಿನತ್ತ ವಾಲುತ್ತದೆ, ಏಕೆಂದರೆ ಬಸಾಲ್ಟ್ ಎಂಬ ಈ ಕಲ್ಲಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳಿವೆ. ದಾರ ಹುರಿ ಬಿಚ್ಚಿಕೊಂಡು ತಿರುಗುವುದನ್ನೇ ಸೆಳೆತ ಎಂದು ಭ್ರಮಿಸುವವರು ಬಹಳ. ಹೆಣೆದ ನೈಲಾನ್ ದಾರ ಬಳಸಿ.

ಕೊಲಾಬಾದ ಹಳೆಯ ದಾಖಲೆ ಇಂದಿಗೂ ಬೆಲೆ ಬಾಳುತ್ತದೆ ಎನ್ನುತ್ತಾರಲ್ಲ?

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಒಂದು ಬಿಳಿ ಮಿಂಚು ಕಂಡರು. ಹದಿನೇಳು, ಹದಿನೆಂಟು ಗಂಟೆಯಲ್ಲಿ ಸೂರ್ಯನಿಂದ ಸಿಡಿದ ವಿದ್ಯುತ್ಕಣಗಳ ಅಲೆ ಭೂಮಿಗೆ ಬಡಿದು ಕಾಂತ ಬಿರುಗಾಳಿ ಎಬ್ಬಿಸಿತು. ಯುರೋಪ್, ಅಮೆರಿಕದ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತು. ಹಲವು ವೀಕ್ಷಣಾಲಯಗಳ ಸೂಜಿ ಕಾಗದದ ಅಂಚು ದಾಟಿಹೋಯಿತು. ಕೊಲಾಬಾದಲ್ಲಿ ಕಣ್ಣಿನಿಂದ ಓದಿ ಕೈಯಿಂದ ಬರೆಯುತ್ತಿದ್ದರು, ಬಿರುಗಾಳಿ ಏಳುತ್ತಿದ್ದಂತೆ ಪದೇ ಪದೇ ಓದಿ ಬರೆದರು. ನೆಲಕ್ಕೆ ಸಮಾಂತರವಾದ ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆಮಾನ) ಕುಸಿದದ್ದು ಹೀಗೆ ಉಳಿದುಕೊಂಡಿತು. ಸಮಭಾಜಕಕ್ಕೆ ಹತ್ತಿರದ ಊರಿನಿಂದ ಆ ಬಿರುಗಾಳಿಯ ಇಂಥ ದಾಖಲೆ ಸಿಗುವುದು ಬಲು ಅಪರೂಪ. 2003ರಲ್ಲಿ ಇದನ್ನು ಮತ್ತೆ ಬಿಡಿಸಿ ಲೆಕ್ಕ ಹಾಕಿದರು. ಆ ಕುಸಿತದಲ್ಲಿ ಎಷ್ಟು ಪಾಲು ಯಾವ ವಿದ್ಯುತ್ ಪ್ರವಾಹದ್ದು ಎಂಬ ಜಗಳ ಇನ್ನೂ ಮುಗಿದಿಲ್ಲ. ಈ ಪರಂಪರೆಯ ಸಂಸ್ಥೆ ಈಗ ನವ ಪನ್ವೇಲ್‌ನಲ್ಲಿದೆ, ಅಲಿಬಾಗ್‌ನಲ್ಲಿ ಅಳತೆ ಮುಂದುವರಿದಿದೆ.

ನಾರಾಯಣಗಾಂವ್ ಬಳಿಯ ದೊಡ್ಡ ಡಿಶ್‌ಗಳಿಗೆ ತೂತುಗಳೇಕೆ?

ಖೋಡದ್ ಗ್ರಾಮದ ಆ ರೇಡಿಯೋ ದೂರದರ್ಶಕದಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳಿವೆ. 14 ನಡುವೆ ಗುಂಪಾಗಿ, 16 ಮೂರು ತೋಳುಗಳಲ್ಲಿ, ಸುಮಾರು 25 ಕಿ.ಮೀ. ಹರಡಿವೆ. ಅದು ಹಿಡಿಯುವ ಅಲೆಗಳ ಉದ್ದ 20 ಸೆಂ.ಮೀ.ಗೂ ಮೇಲೆ. 1–2 ಸೆಂ.ಮೀ. ಕಣ್ಣಿನ ತಂತಿಬಲೆ ಅಂಥ ಅಲೆಗೆ ಗಟ್ಟಿ ಗೋಡೆಯಂತೆಯೇ ಕಾಣುತ್ತದೆ, ಗಾಳಿ ಮಾತ್ರ ತೂರಿಹೋಗುತ್ತದೆ. ಇದನ್ನು ಕಟ್ಟಿದ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ತಂಡ ಹಗ್ಗದಂತೆ ಬಿಗಿದ ಉಕ್ಕಿನ ತಂತಿಗಳ ಮೇಲೆ ಬಲೆ ಹಾಸಿ ತೂಕವನ್ನೂ ಖರ್ಚನ್ನೂ ಇಳಿಸಿತು. ಹೋದರೆ ಫೋನ್ ಆಫ್ ಮಾಡಿ. ಸೈಲೆಂಟ್ ಸಾಲದು, ಸದ್ದು ಮಾಡದ ಫೋನೂ ಟವರಿನೊಡನೆ ಮಾತಾಡುತ್ತಲೇ ಇರುತ್ತದೆ.

ಅಂಧೇರಿಯ ಗಿಲ್ಬರ್ಟ್ ಹಿಲ್‌ನಂಥ ಕಲ್ಲುಕಂಬಗಳ ಗುಡ್ಡಗಳು ಜಗತ್ತಿನಲ್ಲಿ ಮೂರೇ ಇವೆಯಂತೆ?

ಬುರುಡೆ. ಈ ಫಾರ್ವರ್ಡ್ ಓದಿ ತಲೆಯಾಡಿಸುವ ಉಡುಪಿಯವರು ತಮ್ಮೂರನ್ನೇ ಮರೆತಿರುತ್ತಾರೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದಲ್ಲಿ ಮೆಟ್ಟಿ ನಡೆದದ್ದೂ ಇಂಥ ಕಂಬಗಳ ಮೇಲೆಯೇ. ಅಲ್ಲಿನದು ಸುಮಾರು 8.8 ಕೋಟಿ ವರ್ಷ ಹಿಂದಿನದು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ್ದು. ಅಂಧೇರಿಯದು ಆರು ಕೋಟಿ ವರ್ಷ ದಾಟಿದ್ದು, ದಖ್ಖನಿನ ಲಾವಾ ಕಾಲಕ್ಕೆ ಸೇರಿದ್ದು.

ಆದರೆ ಸುಮಾರು 61 ಮೀಟರ್ ಎತ್ತರದ ಕಂಬಗಳ ಕಟ್ಟು, ಸುತ್ತಲೂ ಕಟ್ಟಡಗಳ ನಡುವೆ ಒಂಟಿಯಾಗಿ ನಿಂತಿರುವುದು ನೋಡತಕ್ಕದ್ದೇ. ತುದಿಯಲ್ಲಿ ಗಾಂವದೇವಿಯ ಗುಡಿಯಿದೆ, ಮೆಟ್ಟಿಲಿವೆ. ಕಂಬಗಳನ್ನು ಯಾರೂ ಕೆತ್ತಿಲ್ಲ. ಲಾವಾ ಗಟ್ಟಿಯಾಗಿ ತಣಿಯುವಾಗ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಮೂರು ಬಿರುಕು 120 ಡಿಗ್ರಿಯಲ್ಲಿ ಕೂಡಿದರೆ ಒತ್ತಡ ಅತಿ ಕಡಿಮೆ ಬಿರುಕಿನಲ್ಲಿ ತೀರುತ್ತದೆ, ಅದರಿಂದ ಆರು ಮುಖ. ಎಲ್ಲವೂ ಆರಲ್ಲ, ಎಣಿಸಿದರೆ ಐದರದ್ದೂ ಏಳರದ್ದೂ ಸಿಗುತ್ತವೆ. ನಿಧಾನ ತಣಿದಷ್ಟೂ ಕಂಬ ದಪ್ಪ. ಮನೆಯಲ್ಲಿ ನೋಡಬೇಕೆಂದರೆ ಕಾರ್ನ್‌ಫ್ಲೋರ್ ಮತ್ತು ನೀರನ್ನು ಸಮ ತೂಕದಲ್ಲಿ ಕಲಸಿ, ಗಾಜಿನ ಲೋಟದಲ್ಲಿ ಎರಡು ಬೆರಳೆತ್ತರ ಹುಯ್ದು, ಟೇಬಲ್ ಲ್ಯಾಂಪಿನ ಬಿಸಿಯಲ್ಲಿ ವಾರ ಒಣಗಿಸಿ ಮುರಿದು ನೋಡಿ. ಮೇಲ್ಗಡೆಯ ದೊಡ್ಡ ಬಿರುಕು ನೋಡಿ ನಿರಾಶರಾಗಬೇಡಿ, ಸಣ್ಣ ಕಂಬಗಳು ಒಳಗಿರುತ್ತವೆ.

ಇದೇ ಲಾವಾ ಪದರಗಳ ನಡುವೆ ವರ್ಲಿಯಲ್ಲಿ ಕೆರೆಯ ಕೆಸರು ಸಿಕ್ಕಿಕೊಂಡಿತ್ತು. ಅದರಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆ ಸಿಕ್ಕಿ, 1847ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವೆನ್ ವರ್ಣಿಸಿದರು. ಎರಡು ಜ್ವಾಲಾಮುಖಿ ಪ್ರವಾಹಗಳ ನಡುವಿನ ಬಿಡುವಿನಲ್ಲಿ ವರ್ಲಿಯಲ್ಲಿ ಕಪ್ಪೆ ವಟಗುಟ್ಟುತ್ತಿತ್ತು ಎಂದಾಯಿತು.

ನಾಣೇಘಾಟ್‌ನ ಜಲಪಾತ ಮೇಲಕ್ಕೆ ಹರಿಯುವುದು ವಿಡಿಯೋ ತಿರುಗಿಸಿದ್ದಲ್ಲವೇ?

ಅಲ್ಲ. ಜುನ್ನರ್ ತಾಲ್ಲೂಕಿನ ಈ ಘಟ್ಟದಂಚಿಗೆ ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಗಾಳಿ ನೇರ ಬಂದು ಬಡಿಯುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಕಣಿವೆಯ ಇಕ್ಕಟ್ಟಿನಲ್ಲಿ ಮೇಲಕ್ಕೇರುತ್ತದೆ, ಇಕ್ಕಟ್ಟಾದಷ್ಟೂ ವೇಗ. ಇನ್ನು ನೀರಿನ ಪಾಳಿ. ಹನಿ ಎಷ್ಟೇ ಎತ್ತರದಿಂದ ಬಿದ್ದರೂ ಗಾಳಿಯ ತಡೆಯಿಂದಾಗಿ ಅದರ ವೇಗಕ್ಕೊಂದು ಮಿತಿಯಿದೆ: 2 ಮಿ.ಮೀ. ಹನಿಗೆ ಸೆಕೆಂಡಿಗೆ ಸುಮಾರು 6.5 ಮೀಟರ್, 5 ಮಿ.ಮೀ.ಗೆ ಸುಮಾರು 9. ಅದಕ್ಕಿಂತ ಬಹಳ ದೊಡ್ಡ ಹನಿ ಒಡೆದುಹೋಗುತ್ತದೆ. ಹಾಗಾಗಿ ಮೇಲೇರುವ ಗಾಳಿ ಸೆಕೆಂಡಿಗೆ 9 ಮೀಟರ್, ಅಂದರೆ ಗಂಟೆಗೆ 32 ಕಿ.ಮೀ. ದಾಟಿದರೆ ಯಾವ ಹನಿಯೂ ಕೆಳಗಿಳಿಯಲಾರದು.

ಅಷ್ಟು ದೂರ ಹೋಗಿ ಕೆಳಕ್ಕೇ ಬೀಳುವ ನೀರು ನೋಡಿ ಬಂದವರು ಎರಡರಲ್ಲಿ ಒಂದು ತಪ್ಪು ಮಾಡಿರುತ್ತಾರೆ. ಒಂದು, ಮಳೆ ನೋಡಿ ಹೊರಟಿರುತ್ತಾರೆ. ನೋಡಬೇಕಾದದ್ದು ಗಾಳಿಯ ಮುನ್ಸೂಚನೆ: ದಿಕ್ಕು ಪಶ್ಚಿಮ ಅಥವಾ ನೈಋತ್ಯ, ಬಯಲಿನಲ್ಲೇ ಗಾಳಿ ಜೋರಾಗಿರಬೇಕು. ಎರಡು, ಮಹಾಮಳೆಯ ದಿನ ಹೋಗಿರುತ್ತಾರೆ. ಆಗ ತೊರೆ ದಪ್ಪವಾಗಿ, ಹನಿಯಾಗಿ ಒಡೆಯುವ ಮೊದಲೇ ಧುಮುಕಿಬಿಡುತ್ತದೆ. ತೆಳುವಾದ ತೊರೆ, ಜೋರಾದ ಗಾಳಿ, ಇವೆರಡೂ ಕೂಡಬೇಕು. ಗಾಳಿ ಬೀಸಿ ಬೀಸಿ ನಿಲ್ಲುತ್ತದೆ, ಗಾಳಿಗೆ ಎದುರಾಗಿ ವಾಲಿ ನಿಂತವರು ಅದು ಥಟ್ಟನೆ ನಿಂತಾಗ ಮುಗ್ಗರಿಸುತ್ತಾರೆ. ಅಂಚಿನಿಂದ ದೂರ ನಿಲ್ಲಿ, ಮಕ್ಕಳ ಕೈ ಬಿಡಬೇಡಿ.

ನಾಣೇಘಾಟ್ ಎಂಬ ಹೆಸರಿಗೂ ನಮ್ಮ ನಾಣ್ಯಕ್ಕೂ ಸಂಬಂಧವಿದೆಯೇ?

ಮರಾಠಿಯ ‘ನಾಣೆ’, ಕನ್ನಡದ ‘ನಾಣ್ಯ’ ಎರಡೂ ಒಂದೇ ಬಳ್ಳಿಯವು. ಇದು ಶಾತವಾಹನರ ಕಾಲದಲ್ಲಿ ಕೊಂಕಣದ ಬಂದರುಗಳಿಂದ ಜುನ್ನರ್‌ಗೆ ಸರಕು ಹತ್ತುವ ದಾರಿ. ದಾರಿಬದಿಯ ದೊಡ್ಡ ಕಲ್ಲಿನ ಹಂಡೆಯನ್ನು ಸುಂಕದ ಹುಂಡಿ ಎಂದು ತೋರಿಸುತ್ತಾರೆ. ಹಾಗೆಂದು ಹಂಡೆಯ ಮೇಲೇನೂ ಬರೆದಿಲ್ಲ, ನೀರಿನ ಬಾನಿಯೂ ಆಗಿರಬಹುದು.

ಅದಕ್ಕಿಂತ ದೊಡ್ಡ ಸೋಜಿಗ ಗುಹೆಯ ಗೋಡೆಯಲ್ಲಿದೆ. ಬ್ರಾಹ್ಮಿ ಲಿಪಿಯಲ್ಲಿ ರಾಣಿ ನಾಗನಿಕೆಯ ಶಾಸನ, ಯಜ್ಞಗಳಲ್ಲಿ ಕೊಟ್ಟ ಹಸು, ಕುದುರೆ, ಹಣದ ಪಟ್ಟಿ. ಪಟ್ಟಿ ಎಂದ ಮೇಲೆ ಅಂಕಿಗಳಿವೆ, ಅವು ಎರಡು ಸಾವಿರ ವರ್ಷ ಹಳೆಯವು. ಸೊನ್ನೆ ಹುಡುಕಬೇಡಿ, ಇಲ್ಲ. 10ಕ್ಕೆ, 100ಕ್ಕೆ, 1,000ಕ್ಕೆ ಬೇರೆ ಬೇರೆ ಗುರುತು. 17 ಎಂದರೆ 10ರ ಗುರುತಿನ ಪಕ್ಕ 7ರ ಗುರುತು. ಎದುರು ಗೋಡೆಯಲ್ಲಿ ರಾಜಮನೆತನದವರ ಉಬ್ಬುಶಿಲ್ಪಗಳಿದ್ದವು. ಈಗ ಮೇಲೆ ಹೆಸರು, ಕೆಳಗೆ ಪಾದದ ಗುರುತು ಇಷ್ಟೇ ಉಳಿದಿದೆ. ಕಲ್ಲು ಸವೆದಿರುವುದರಿಂದ ಟಾರ್ಚನ್ನು ಎದುರಿನಿಂದ ಹಿಡಿಯದೆ ಗೋಡೆಗೆ ಒರಗಿಸಿ ಪಕ್ಕದಿಂದ ಹಿಡಿದರೆ ಅಕ್ಷರದ ಅಂಚು ಎದ್ದು ಕಾಣುತ್ತದೆ.

ಕಾರ್ಲಾ ಗುಹೆಯನ್ನು ಮಾಡಿಸಿದ್ದು ಬನವಾಸಿಯ ಸೆಟ್ಟಿ ಎನ್ನುವುದು ನಂಬಬಹುದೇ?

ನಂಬಬಹುದು, ಒಂದು ತಿದ್ದುಪಡಿಯೊಡನೆ. ಮುಖಮಂಟಪದ ಪ್ರಾಕೃತ ಶಾಸನವೊಂದು, ವೈಜಯಂತಿಯ ಸೇಠಿ ಭೂತಪಾಲ ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ತಿಗೊಳಿಸಿದ ಎನ್ನುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆದರೆ ಖರ್ಚು ಅವನೊಬ್ಬನದಲ್ಲ. ಒಳಗಿನ ಕಂಬಗಳಲ್ಲಿ ಧೇನುಕಾಕಟದ ಯವನರೂ ಸೇರಿ ಹಲವರ ಹೆಸರಿದೆ, ಬಹುತೇಕ ತಲಾ ಒಂದೊಂದು ಕಂಬದ ದಾನ. ಮಾಟುಂಗಾದ ಕನ್ನಡ ಸಂಘದ ಕಟ್ಟಡದಲ್ಲಿ ಫ್ಯಾನಿನ ಮೇಲೆ ದಾನಿಯ ಹೆಸರು ಬರೆಸುವ ಪದ್ಧತಿ ಹೊಸದೇನಲ್ಲ.

ಒಳಗೆ ಹೋದಾಗ ತಲೆಯೆತ್ತಿ ನೋಡಿ. ಸುಮಾರು 45 ಮೀಟರ್ ಉದ್ದದ ಕಲ್ಲಿನ ಚೈತ್ಯದ (ಬೌದ್ಧರ ಪ್ರಾರ್ಥನಾಮಂದಿರದ) ಕಮಾನಿಗೆ ಮರದ ಪಕ್ಕೆಲುಬುಗಳಿವೆ, ಎರಡು ಸಾವಿರ ವರ್ಷದ ಹಳೆಯ ಮರ. ಅವು ಏನನ್ನೂ ಹೊತ್ತಿಲ್ಲ, ಬಂಡೆ ತಾನೇ ನಿಂತಿದೆ. ಹಿಂದಿನ ಮರದ ಮಂಟಪಗಳ ಚಂದವನ್ನು ಕಲ್ಲಿಗೂ ತೊಡಿಸಿದ್ದು ಅಷ್ಟೇ. ಲೋಕಲ್‌ನಲ್ಲಿ ಮಳವಲಿ ಸ್ಟೇಷನ್‌ಗೆ ಇಳಿಯಿರಿ. ಗುಹೆಯ ಪಕ್ಕದ ಏಕವೀರಾ ದೇವಿಯ ಜಾತ್ರೆಯ ದಿನ ಹೋದರೆ ಶಾಸನ ಓದಲು ಜಾಗವಿರುವುದಿಲ್ಲ.

ಕಾನ್ಹೇರಿಯಲ್ಲಿ ನೃಪತುಂಗನ ಹೆಸರಿದೆಯೇ?

ಇದೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕನ್ನಡನಾಡಿನ ಎಲ್ಲೆ ಹೇಳಿದ ಕವಿರಾಜಮಾರ್ಗ ಯಾರ ಆಸ್ಥಾನದ್ದೋ ಆ ಅಮೋಘವರ್ಷ, ಬೋರಿವಲಿ ಕಾಡಿನೊಳಗಿನ 9ನೇ ಶತಮಾನದ ಸಂಸ್ಕೃತ ಶಾಸನಗಳಲ್ಲಿ ಸಾರ್ವಭೌಮನಾಗಿ ಬರುತ್ತಾನೆ. ಕೊಂಕಣದ ಶಿಲಾಹಾರರು ಅವನ ಸಾಮಂತರು. ಇದನ್ನು ಹಿಡಿದು ನೆರೆಮನೆಯ ಮರಾಠಿಗರೊಡನೆ ‘ಮುಂಬಯಿ ಯಾರದು’ ಎಂಬ ವಾದಕ್ಕೆ ಇಳಿಯುವುದು ಬೇಡ. ಅಲ್ಲೇ 90ನೇ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಬೌದ್ಧ ಗುಹೆ, ಕನ್ನಡದ ದೊರೆ, ಇರಾನಿನ ಲಿಪಿ, ಎಲ್ಲ ಒಂದೇ ಗುಡ್ಡದಲ್ಲಿ. ಸೋಮವಾರ ಉದ್ಯಾನ ಮುಚ್ಚಿರುತ್ತದೆ.

ಎಲಿಫೆಂಟಾದಲ್ಲಿ ಆನೆಯೇ ಕಾಣಲಿಲ್ಲವಲ್ಲ?

ಬೈಕುಲಾದಲ್ಲಿದೆ. ಪೋರ್ಚುಗೀಸರು ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂದು ಹೊಸ ಹೆಸರಿಡಲು ಕಾರಣವಾದ ಕಲ್ಲಾನೆಯನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತಿದಾಗ ಅದು ಒಡೆದು ಚೂರಾಯಿತು. 1914ರಲ್ಲಿ ಚೂರು ಜೋಡಿಸಿ ನಿಲ್ಲಿಸಿದರು. ಭಾವು ದಾಜಿ ಲಾಡ್ ಮ್ಯೂಸಿಯಂನ ಪಕ್ಕ ಹೋಗಿ, ಬೆಸೆದ ಗೆರೆಗಳು ಕಾಣುತ್ತವೆ.

ಇನಾಮಗಾಂವ್‌ನಲ್ಲಿ ಸತ್ತವರ ಪಾದ ಕತ್ತರಿಸುತ್ತಿದ್ದರೇ?

ಹೌದು. ಪುಣೆಯ ಪೂರ್ವಕ್ಕೆ ಘೋಡ್ ನದಿಯ ದಂಡೆಯಲ್ಲಿ 1968ರಿಂದ 1983ರವರೆಗೆ ಡೆಕ್ಕನ್ ಕಾಲೇಜಿನವರು ಅಗೆದರು. ಕ್ರಿ.ಪೂ. 1600ರಿಂದ 700ರವರೆಗೆ ಅಲ್ಲಿ ರೈತರ ಹಳ್ಳಿಯಿತ್ತು. ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಮಕ್ಕಳನ್ನು ಎರಡು ಮಡಕೆಗಳಲ್ಲಿ, ಬಾಯಿಗೆ ಬಾಯಿ ಕೂಡಿಸಿ. ದೊಡ್ಡವರನ್ನು ಗುಂಡಿಯಲ್ಲಿ, ಕಣಕಾಲಿನ ಕೆಳಗೆ ಕತ್ತರಿಸಿ. ಎದ್ದು ಹೋಗದಿರಲಿ ಎಂದೋ, ದೆವ್ವವಾಗಿ ತಿರುಗದಿರಲಿ ಎಂದೋ, ಊಹೆಗಳು ಹಲವು. ಅದಕ್ಕೊಂದು ಅಪವಾದ: ನಾಲ್ಕು ಕಾಲಿನ ದೊಡ್ಡ ಮಣ್ಣಿನ ಬಾನಿಯಲ್ಲಿ ಕುಳಿತ ಭಂಗಿಯಲ್ಲಿ ಹೂಳಿದ ಗಂಡಸಿನ ಪಾದ ಹಾಗೇ ಇತ್ತು. ಊರ ಮುಖ್ಯಸ್ಥನಿರಬೇಕು ಎನ್ನುತ್ತಾರೆ.

ಗೋವೆಯ ಹಳೆಯ ಪುಸ್ತಕದಲ್ಲಿ ‘ಕನಾರಿಂ’ ಭಾಷೆ ಎಂದಿದೆ. ಅದು ಕನ್ನಡವೇ?

ಅಲ್ಲ, ಕೊಂಕಣಿ. ಪೋರ್ಚುಗೀಸರು ಈ ಕರಾವಳಿಯ ಜನರನ್ನೂ ಭಾಷೆಯನ್ನೂ ಒಟ್ಟಾಗಿ ಹಾಗೆ ಕರೆದರು. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ, ಅವರು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲ್‌ನಲ್ಲಿ ಅಚ್ಚಾದಾಗ ಶೀರ್ಷಿಕೆಯಲ್ಲಿ ‘ಕನಾರಿಂ’ ಎಂದೇ ಇತ್ತು. ಗೊಂದಲಕ್ಕೆ ಇನ್ನೊಂದು ಕಾರಣವೂ ಉಂಟು: ಗೋವೆಯಲ್ಲಿ ಒಂದು ಕಾಲಕ್ಕೆ ಕೊಂಕಣಿ, ಮರಾಠಿಯನ್ನು ಬರೆಯುತ್ತಿದ್ದ ಗೋಯ್‌ಕಾನಡಿ ಅಥವಾ ಕಂದೇವಿ ಲಿಪಿ ಹಳಗನ್ನಡ ಲಿಪಿಯ ಮಗಳು.

ಭಾರತದ ಮೊದಲ ಅಚ್ಚುಯಂತ್ರ 1556ರಲ್ಲಿ ಗೋವೆಗೆ ಬಂದದ್ದೂ ಆಕಸ್ಮಿಕ. ಅದು ಹೊರಟಿದ್ದದ್ದು ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾ), ದಾರಿಯಲ್ಲಿ ಗೋವೆಯಲ್ಲೇ ಉಳಿದುಬಿಟ್ಟಿತು. ಗೋವೆ ಇಷ್ಟು ಹತ್ತಿರವಿದ್ದರೂ ಕನ್ನಡದ ವ್ಯಾಕರಣ ಅಚ್ಚಾಗಲು 1817ರವರೆಗೆ ಕಾಯಬೇಕಾಯಿತು, ಅದೂ ದೂರದ ಬಂಗಾಳದ ಶ್ರೀರಾಮಪುರದಲ್ಲಿ, ವಿಲಿಯಂ ಕ್ಯಾರಿಯ ಕೈಯಲ್ಲಿ.

ಪೋರ್ಚುಗೀಸರ ಗುರುತು ನಮ್ಮ ಅಡುಗೆಮನೆಯಲ್ಲೂ ಇದೆ. ಬಟಾಟೆ, ಅನಾನಸು, ಚಾವಿ, ಪಾದ್ರಿ, ಇಗರ್ಜಿ ಅವರ ಮಾತಿನ ಮೂಲಕ ಬಂದವು. ಪರಂಗಿ ಹಣ್ಣು ಎಂದರೆ ಹೆಸರಲ್ಲೇ ಫಿರಂಗಿಯವರ ಹಣ್ಣು.

ಗೋವೆಯಿಂದ ಹಸಿ ಗೇರುಬೀಜ ತಂದು ಮನೆಯಲ್ಲಿ ಸುಡಬಹುದೇ?

ಫ್ಲ್ಯಾಟಿನ ಅಡುಗೆಮನೆಯಲ್ಲಿ ಖಂಡಿತ ಬೇಡ. ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದ ಈ ಮರದ ಬೀಜ ಹಣ್ಣಿನ ಹೊರಗೆ ನೇತಾಡುತ್ತದೆ. ನಾವು ಹಣ್ಣು ಎನ್ನುವುದು ಉಬ್ಬಿದ ತೊಟ್ಟು. ಸಿಪ್ಪೆಯ ಎರಡು ಪದರದ ನಡುವಿನ ಎಣ್ಣೆ ಚರ್ಮ ಸುಡುತ್ತದೆ, ಸುಟ್ಟಾಗ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಕಾಡಿನ ಕರಿಗೇರೂ ಇದೇ ಸಸ್ಯಕುಟುಂಬದ್ದು, ಅದರ ರಸದಿಂದ ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದರು. ಊರಿನಲ್ಲಿ ಬಯಲಿನಲ್ಲಿ ಸುಡುವುದಾದರೆ ತೂತಿನ ತಗಡಿನ ಮೇಲೆ ಹರಡಿ, ಗಾಳಿಗೆ ಬೆನ್ನು ಮಾಡಿ ನಿಂತು, ಉದ್ದ ಕೋಲಿನಿಂದ ತಿರುವುತ್ತಿರಿ. ಎಣ್ಣೆ ಹೊತ್ತಿಕೊಂಡು ಸಿಪ್ಪೆ ಕರಿಯಾದೊಡನೆ ಮಣ್ಣಿಗೆ ಸುರಿದು ಬೂದಿ ಎರಚಿ. ಮಣ್ಣು, ಬೂದಿ ಉಳಿದ ಎಣ್ಣೆ ಹೀರುತ್ತವೆ. ಒಡೆಯುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಸಿಪ್ಪೆಯನ್ನು ಹಲ್ಲಿನಿಂದ ಕಚ್ಚುವ ಧೈರ್ಯ ತೋರಿದವರ ತುಟಿ ವಾರ ಕಾಲ ಊದಿರುತ್ತದೆ.

ಫೇಣಿ, ಉರಾಕ್ ಎರಡೂ ಒಂದೇ ಅಲ್ಲವೇ?

ಉರಾಕ್ ಮೊದಲ ಭಟ್ಟಿ, ಫೇಣಿ ಎರಡನೆಯದು. ಉದುರಿದ ಗೇರುಹಣ್ಣನ್ನೇ ಹೆಕ್ಕಿ ತುಳಿದು, ರಸವನ್ನು ಮೂರು ದಿನದಷ್ಟು ಹುಳಿಯಲು ಬಿಟ್ಟು, ‘ಭಾಣ’ ಎಂಬ ಭಟ್ಟಿಪಾತ್ರೆಯಲ್ಲಿ ಕುದಿಸಿದರೆ ಬರುವುದು ಉರಾಕ್, ಮದ್ಯಾಂಶ ಸುಮಾರು 15%. ಬೇಸಿಗೆ ದಾಟಿ ಉಳಿಯದು. ಅದಕ್ಕೆ ರಸ ಬೆರೆಸಿ ಮತ್ತೆ ಭಟ್ಟಿ ಇಳಿಸಿದರೆ 40% ದಾಟಿದ ಫೇಣಿ. ಸುರಿದಾಗ ಏಳುವ ನೊರೆಯಿಂದ, ಅಂದರೆ ‘ಫೇನ’ದಿಂದ, ಆ ಹೆಸರು. ಗೋವೆಯ ಗೇರು ಫೇಣಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ಬಾಂಬೆ ಡಕ್ ಎಂಬ ಮೀನಿಗೆ ‘ಬಾಂಬೆ ಡಾಕ್’ ಎಂಬ ಅಂಚೆ ರೈಲಿನಿಂದ ಹೆಸರು ಬಂತೇ?

ಇಲ್ಲ. ಇಲ್ಲಿ ಮೊದಲ ರೈಲು ಓಡಿದ್ದು 1853ರಲ್ಲಿ, ಆ ಹೆಸರು ಅದಕ್ಕೂ ಮೊದಲೇ ಪುಸ್ತಕಗಳಲ್ಲಿತ್ತು. ಇಲ್ಲಿ ಬೊಂಬಿಲ್ ಎನ್ನುವ ಈ ಮೀನಿಗೆ ಮೈತುಂಬ ನೀರು. ಅದಕ್ಕೇ ಕೋಲಿ ಮೀನುಗಾರರು ಮೀನುಗಳನ್ನು ಬಾಯಿಗೆ ಬಾಯಿ ಸಿಕ್ಕಿಸಿ ಬಿದಿರಿನ ಚೌಕಟ್ಟಿಗೆ ತೂಗುಹಾಕಿ ಬಿಸಿಲು, ಗಾಳಿಗೆ ಒಣಗಿಸುತ್ತಾರೆ. ಮನೆಯಲ್ಲಿ ಕರಿದಾಗ ರವೆ ಕಳಚಿ ಮುದ್ದೆಯಾಗುವುದೂ ಆ ನೀರಿನಿಂದಲೇ. ಸೀಳಿ ಬಿಡಿಸಿ, ಎರಡು ಮಣೆಗಳ ನಡುವೆ ಬಟ್ಟೆಯಲ್ಲಿಟ್ಟು, ಮೇಲೆ ಗುಂಡುಕಲ್ಲು ಹೇರಿ ಅರ್ಧ ಗಂಟೆ ಬಿಡಿ. ಆಮೇಲೆ ಮಸಾಲೆ, ರವೆ.

1944ರಲ್ಲಿ ಮುಂಬಯಿಯಲ್ಲಿ ಚಿನ್ನದ ಗಟ್ಟಿ ಆಕಾಶದಿಂದ ಬಿತ್ತಂತೆ. ಇನ್ನೂ ಸಿಗುತ್ತದೆಯೇ?

ಬಿದ್ದದ್ದು ನಿಜ. ಏಪ್ರಿಲ್ 14ರಂದು ಮುಂಬಯಿ ಬಂದರಿನ ವಿಕ್ಟೋರಿಯಾ ಡಾಕಿನಲ್ಲಿದ್ದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ, 8,700 ಹತ್ತಿಯ ಬೇಲು, ಪೆಟ್ಟಿಗೆಗಳಲ್ಲಿ ಚಿನ್ನ ಒಟ್ಟಿಗಿದ್ದವು. ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿತು. ಒತ್ತಿ ಕಟ್ಟಿದ ಬೇಲಿನೊಳಗೆ ಗಾಳಿ ಉಳಿದಿರುತ್ತದೆ, ಹೊರಗೆ ನೀರು ಹುಯ್ದರೂ ಒಳಗೆ ಕಮರುತ್ತಲೇ ಇರುತ್ತದೆ. ಹುಯ್ದ ನೀರು ತುಂಬಿದಂತೆ ಉರಿಯುವ ಹತ್ತಿ ತೇಲಿ, ಮೇಲೆ ಪೇರಿಸಿದ ಸ್ಫೋಟಕದ ಹತ್ತಿರಕ್ಕೇ ಬಂತು. 4:06ಕ್ಕೆ ಮೊದಲ ಸ್ಫೋಟ, 4:34ಕ್ಕೆ ಅದಕ್ಕಿಂತ ದೊಡ್ಡದು. ಶಿಮ್ಲಾದ ಭೂಕಂಪಮಾಪಕವೂ ನಡುಗಿತು. ಸತ್ತವರು 800ಕ್ಕೂ ಹೆಚ್ಚು, ಅವರಲ್ಲಿ ಬೆಂಕಿ ನಂದಿಸಲು ಹೋದವರು ಹಲವರು. ಏಪ್ರಿಲ್ 14ರಿಂದ ದೇಶದೆಲ್ಲೆಡೆ ಅಗ್ನಿಶಾಮಕ ಸಪ್ತಾಹ ನಡೆಯುವುದು ಅವರ ನೆನಪಿಗೆ.

ಒಂದೊಂದು ಗಟ್ಟಿ 12.7 ಕಿಲೋ. ಒಂದು ಗಟ್ಟಿ ಸುಮಾರು ಒಂದೂವರೆ ಕಿ.ಮೀ. ದೂರದ ಪಾರಸಿ ಮನೆಯ ವರಾಂಡದಲ್ಲಿ ಬಿತ್ತು, ಮನೆಯವರು ಒಪ್ಪಿಸಿದರು. ಬಹುಪಾಲು ಆಗಲೇ ಸಿಕ್ಕಿತು. ದಶಕಗಳ ನಂತರವೂ ಡಾಕಿನ ಹೂಳೆತ್ತುವಾಗ ಅಪರೂಪಕ್ಕೊಂದು ಗಟ್ಟಿ ಮೇಲೆ ಬಂದದ್ದುಂಟು. ಹುಡುಕಿಕೊಂಡು ಹೋಗುವವರಿಗೆ ಹೇಳುವುದಿಷ್ಟು: ಡಾಕಿನ ಒಳಗೆ ಪಾಸ್ ಇಲ್ಲದೆ ಬಿಡುವುದಿಲ್ಲ.